ಪಟ್ಟಿಯಲ್ಲಿ ಇಲ್ಲದ ಓಪನ್‌ಬಿಎಸ್‌ಡಿ

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು, ಬಿಸಿಎ ಕೊನೆಯ ವರ್ಷ. ಅಪ್ಪನ ಸೀರೆ ಅಂಗಡಿಗೆ ಸಣ್ಣ ವೆಬ್‌ಸೈಟ್ ಮಾಡಿದ್ದೇನೆ. ಅದಕ್ಕಾಗಿ 1 ಜಿಬಿ ರ‍್ಯಾಮ್‌ನ ಕ್ಲೌಡ್ ಸರ್ವರ್ ಬಾಡಿಗೆಗೆ ತಗೊಂಡೆ. ಅದರಲ್ಲಿ ಲಿನಕ್ಸ್ ಬದಲು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಹಾಕುವ ಆಸೆ. ಆದರೆ ಕಂಪನಿಯ ಪಟ್ಟಿಯಲ್ಲಿ ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳು ಬಿಟ್ಟರೆ ಬೇರೆ ಇಲ್ಲ. ಗೆಳೆಯರು ನಗುತ್ತಾರೆ. ಹಾಕಬಹುದಾ?

ಉತ್ತರ: ಹಾಕಬಹುದು ತಮ್ಮಾ. ಮೊದಲು ಒಂದು ನೋಡು. ಕಂಪನಿಯ ಪುಟಕ್ಕೆ ಲಾಗಿನ್ ಆದರೆ ‘ಕನ್ಸೋಲ್’ ಅಂತ ಬಟನ್ ಇದೆಯಾ? ಒತ್ತಿದರೆ ಸರ್ವರಿನ ಪರದೆಯೇ ಬ್ರೌಸರ್‌ನಲ್ಲಿ ಕಾಣಬೇಕು. ಅದಿಲ್ಲದಿದ್ದರೆ ಈ ಉಸಾಬರಿ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಗುವ ಗೆಳೆಯರು ಸರ್ವರಿಗೆ ಲಾಗಿನ್ ಆಗಲು ದಿನಾ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಹುಟ್ಟಿದ್ದೇ ಓಪನ್‌ಬಿಎಸ್‌ಡಿ ಮನೆಯಲ್ಲಿ. ಅವರಿಗೆ ಅಷ್ಟು ಹೇಳು ಸಾಕು.

ಸ್ವಂತ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಡಿಸ್ಕಿನ ಫೈಲ್, ಹಾಕಲು ಕಂಪನಿ ಬಿಟ್ಟರೆ ಕೆಲಸ ಸಲೀಸು. ಬಿಡದಿದ್ದರೆ ದುರಸ್ತಿಗೆಂದು ಕಂಪನಿ ಕೊಡುವ ರೆಸ್ಕ್ಯೂ ಮೋಡ್‌ನಲ್ಲಿ ಬೂಟ್ ಮಾಡು. ಅಲ್ಲಿ ಲಿನಕ್ಸ್ ರ‍್ಯಾಮ್‌ನಲ್ಲಿ ಓಡುತ್ತಿರುತ್ತದೆ, ಡಿಸ್ಕ್ ಸುಮ್ನೆ ಕೂತಿರುತ್ತದೆ. ‘ಮಿನಿರೂಟ್’ ಎಂಬ ಓಪನ್‌ಬಿಎಸ್‌ಡಿಯ ಸಣ್ಣ ಇನ್‌ಸ್ಟಾಲರ್ ಇಮೇಜ್ ಇಳಿಸಿಕೊಂಡು, ಡಿಡಿ ಕಮಾಂಡ್‌ನಿಂದ ನೇರ ಡಿಸ್ಕಿನ ಮೇಲೆ ಬರೆ. ಹಳೆಯದೆಲ್ಲ ಅಳಿಸಿ ಹೋಗುತ್ತದೆ, ಸೀರೆಗಳ ಫೋಟೊ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಸರ್ವರಿನ ನೆಟ್‌ವರ್ಕ್ ವಿವರಗಳಾದ ಐಪಿ, ಗೇಟ್‌ವೇ, ನೆಟ್‌ಮಾಸ್ಕ್ ಮೂರನ್ನೂ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೋ. ಆಮೇಲೆ ರೀಬೂಟ್ ಮಾಡಿ ಕನ್ಸೋಲ್ ತೆರೆದರೆ ಇನ್‌ಸ್ಟಾಲರ್ ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಬಹಳಷ್ಟಕ್ಕೆ ಎಂಟರ್ ಒತ್ತಿದರೆ ನಡೆಯುತ್ತದೆ. ಲಿನಕ್ಸ್‌ನಲ್ಲಿ ‘ವಿಡಿಎ’ ಆಗಿದ್ದ ಡಿಸ್ಕ್ ಇಲ್ಲಿ ‘ಎಸ್‌ಡಿ0’ ಆಗುತ್ತದೆ, ನೆಟ್‌ವರ್ಕ್ ಕಾರ್ಡ್ ‘ವಿಐಒ0’. ಹೆದರಬೇಡ. ಎಲ್ಲ ಅಧಿಕಾರ ಇರುವ ‘ರೂಟ್’ ಯೂಸರ್‌ಗೆ ಎಸ್‌ಎಸ್‌ಎಚ್, ಅಂದರೆ ದೂರದಿಂದ, ಲಾಗಿನ್ ಬೇಕಾ ಅಂತ ಕೇಳುತ್ತದೆ, ಬೇಡ ಅನ್ನು. ಆದರೆ ಅದಕ್ಕೂ ಮೊದಲು ನಿನ್ನ ಹೆಸರಿನ ಯೂಸರ್ ಮಾಡಿರು. ಇಲ್ಲದಿದ್ದರೆ ನೀನೇ ಹೊರಗೆ.

ಈಗ ಕನ್ಸೋಲ್ ವಿಷಯ. ಒಮ್ಮೆ ನನ್ನ ಸರ್ವರ್ ಇದ್ದ ಯಂತ್ರ ಏಕಾಏಕಿ ಆಫ್ ಆಯಿತು. ಓಪನ್‌ಬಿಎಸ್‌ಡಿಯ ಫೈಲ್‌ಸಿಸ್ಟಂಗೆ ಜರ್ನಲ್, ಅಂದರೆ ಮಾಡುತ್ತಿದ್ದ ಬದಲಾವಣೆಗಳ ದಾಖಲೆ, ಇಲ್ಲ. ಹಾಗೆ ಬಂದ್ ಆದರೆ ಮತ್ತೆ ಏಳುವಾಗ ಡಿಸ್ಕ್ ಪರೀಕ್ಷಿಸಿ ಸರಿಮಾಡುವ ಎಫ್‌ಎಸ್‌ಸಿಕೆ ಓಡುತ್ತದೆ. ಸಾಮಾನ್ಯವಾಗಿ ತಾನೇ ಸರಿಮಾಡಿಕೊಳ್ಳುತ್ತದೆ, ಅವತ್ತು ಮಾಡಿಕೊಳ್ಳಲಿಲ್ಲ. ‘ಶೆಲ್ ಯಾವುದು ಹೇಳು, ಇಲ್ಲ ರಿಟರ್ನ್ ಒತ್ತು’ ಅಂತ ಕೇಳಿ, ನನ್ನ ಕಮಾಂಡ್‌ಗೆ ಕಾಯುತ್ತಾ ನಿಂತುಬಿಟ್ಟಿತ್ತು. ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್. ಉಣಕಲ್ ಹತ್ತಿರ ಕನ್ಸೋಲ್ ತೆರೆಯಿತು, ಆದರೆ ಮೊಬೈಲಿನ ಕೀಬೋರ್ಡ್ ಮೇಲೇಳಲೇ ಇಲ್ಲ. ಪಕ್ಕದ ಅಜ್ಜ ‘ಯಾಕ್ರೀ, ನೆಟ್ ಇಲ್ಲೇನ್ರೀ’ ಅಂತ ಕೇಳಿದರು. ಕಂಪನಿಯ ಪುಟದ ಮೂಲೆಯಲ್ಲಿ ಕೀಬೋರ್ಡ್ ಚಿತ್ರ ಸಿಕ್ಕಿದ್ದು ರಾಯಾಪುರ ದಾಟಿದ ಮೇಲೆ. ‘ಎಫ್‌ಎಸ್‌ಸಿಕೆ’, ಒಂದು ಸ್ಪೇಸ್, ಅಡ್ಡಗೆರೆ, ‘ವೈ’ ಅಂತ ಒತ್ತಿದೆ, ಅಂದರೆ ಕೇಳಿದ್ದಕ್ಕೆಲ್ಲ ಹೌದು ಅಂತ. ನವಲೂರಿನಲ್ಲಿ ಸರ್ವರ್ ಎದ್ದಿತು. ಕನ್ಸೋಲ್ ಇಲ್ಲದಿದ್ದರೆ ಕಂಪನಿಗೆ ದೂರಿನ ಟಿಕೆಟ್ ಹಾಕಿ ಕಾಯುತ್ತಾ ಕೂರುವುದು, ಅಷ್ಟೇ.

ನಿನ್ನ ಸೈಟ್ ಬರೀ ಪುಟ, ಫೋಟೊ ಆದರೆ ಧೈರ್ಯವಾಗಿ ಹಾಕು. ವೆಬ್ ಸರ್ವರ್, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರುವ ಆಕ್ಮೆ-ಕ್ಲೈಂಟ್, ಪಿಎಫ್ ಫೈರ್‌ವಾಲ್ ಎಲ್ಲ ಜೊತೆಗೇ ಬರುತ್ತವೆ. 1 ಜಿಬಿ ಜಾಸ್ತಿಯೇ ಆಯಿತು. ಆ್ಯಪ್‌ಗಳನ್ನು ಡಬ್ಬಿಯಂತೆ ಪ್ಯಾಕ್ ಮಾಡಿ ಓಡಿಸುವ ಡಾಕರ್ ಬೇಕು ಅನ್ನುವುದಾದರೆ ಡೆಬಿಯನ್‌ನಲ್ಲೇ ಇರು, ಅದು ಇಲ್ಲಿ ಓಡುವುದಿಲ್ಲ.

ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಹಳೆಯದಕ್ಕೆ ಸುಮಾರು ಒಂದು ವರ್ಷ ಮಾತ್ರ ಪ್ಯಾಚ್ ಸಿಗುತ್ತದೆ. ಹೊಸದಕ್ಕೆ ಹೋಗಲು ‘ಸಿಸ್‌ಅಪ್‌ಗ್ರೇಡ್’ ಅಂತ ಒಂದೇ ಕಮಾಂಡ್, ಅದನ್ನು ಕೊಡುವಾಗಲೂ ಕನ್ಸೋಲ್ ತೆರೆದಿಟ್ಟುಕೋ. ವರ್ಷದ ಎರಡನೇ ಆವೃತ್ತಿ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ದೀಪಾವಳಿ ಹೊತ್ತಿಗೇ ಬರುತ್ತದೆ. ಅಪ್ಪನ ಹಬ್ಬದ ವ್ಯಾಪಾರ ಮುಗಿಯುವ ತನಕ ಅದನ್ನು ಮುಟ್ಟಬೇಡ.