ಟೋಪಿಯೊಳಗಿನ ಚೀಟಿ, ಅಡಿಂಗ್ಟನ್‌ನ ಗಾಡಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದು ಮೂರು ತಿಂಗಳಾಗಿಲ್ಲ, ಆಫೀಸಿನಲ್ಲಿ ಯಾರೋ ಟೋಪಿ ಹಿಡಿದು ಬಂದು "ಎರಡು ಡಾಲರ್ ಹಾಕು, ಒಂದು ಚೀಟಿ ಎತ್ತು" ಅಂದರಂತೆ. ಕುದುರೆ ರೇಸೇ ಇಲ್ಲಿಯ ರಾಷ್ಟ್ರೀಯ ಕ್ರೀಡೆಯಾ, ಹೋಗದಿದ್ದರೆ ಬೇಜಾರು ಮಾಡ್ಕೋತಾರಾ ಅಂತ ಕೇಳಿದ್ದೀರಿ.

ರಾಷ್ಟ್ರೀಯ ಕ್ರೀಡೆ ರಗ್ಬಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನವೆಂಬರಿನ ಮೊದಲ ಎರಡು ಮಂಗಳವಾರ ಕುದುರೆಗಳದ್ದು. ನೀವು ಎತ್ತಿದ, ಒಂದು ಕುದುರೆಯ ಹೆಸರಿರುವ ಚೀಟಿ ಮೊದಲನೆಯದರದ್ದು, ಮೆಲ್ಬರ್ನ್ ಕಪ್. ನಡೆಯುವುದು ಆಸ್ಟ್ರೇಲಿಯಾದಲ್ಲಿ, ಕಾವು ಇಲ್ಲೂ ಅಷ್ಟೇ. 1930ರಲ್ಲಿ ಅದನ್ನು ಗೆದ್ದ ಫಾರ್ ಲ್ಯಾಪ್ ಅನ್ನೋ ಕುದುರೆ ಹುಟ್ಟಿದ್ದು ಇಲ್ಲೇ, ಟಿಮರು ಹತ್ತಿರ. ಸತ್ತ ಮೇಲೆ ಅದರ ಚರ್ಮ ಮೆಲ್ಬರ್ನ್‌ಗೆ, ಹೃದಯ ಕ್ಯಾನ್‌ಬೆರಾಕ್ಕೆ, ಅಸ್ಥಿಪಂಜರ ವೆಲ್ಲಿಂಗ್ಟನ್‌ಗೆ ಹೋಯಿತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಹಾಗೆ! ಇಲ್ಲಿಯವರ ಎದುರು ಅದನ್ನು ಆಸ್ಟ್ರೇಲಿಯಾದ ಕುದುರೆ ಅಂತ ಮಾತ್ರ ಅನ್ನಬೇಡಿ.

ಎರಡನೇ ಮಂಗಳವಾರ ನಮ್ಮೂರಿನದೇ: ಅಡಿಂಗ್ಟನ್ ರೇಸ್ ಮೈದಾನದಲ್ಲಿ ನ್ಯೂಜಿಲೆಂಡ್ ಕಪ್. ಅವತ್ತು ರಜೆ ಇಲ್ಲ, ರಜೆ ಅದೇ ವಾರದ ಶುಕ್ರವಾರ. ಆದರೂ ಮಂಗಳವಾರ ಮಧ್ಯಾಹ್ನ ಯಾರಿಗಾದರೂ ಮೀಟಿಂಗ್ ಇಟ್ಟು ನೋಡಿ, ಗೊತ್ತಾಗುತ್ತದೆ.

ಇದರಲ್ಲಿ ಕುದುರೆ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಹಿಂದೆ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಡ್ರೈವರ್. ಕುದುರೆ ನಾಗಾಲೋಟ ಓಡುವಂತಿಲ್ಲ, ಆಟವೆಲ್ಲ ಇರುವುದು ಅಲ್ಲೇ. ಟ್ರಾಟರ್ ಅನ್ನುವುದು ಎಡ ಮುಂಗಾಲಿನ ಜೊತೆ ಬಲ ಹಿಂಗಾಲು ಎತ್ತುತ್ತದೆ. ಪೇಸರ್ ಒಂದೇ ಪಕ್ಕದ ಎರಡೂ ಕಾಲನ್ನು ಒಟ್ಟಿಗೆ ಹಾಕುತ್ತದೆ, ಒಂಟೆ ನಡೆದ ಹಾಗೆ. ಕಪ್ ಪೇಸರ್‌ಗಳದ್ದು, 3,200 ಮೀಟರ್.

ನಾನು ಮೊದಲ ಸಲ ಹೋದಾಗ ಬೇಲಿಗೆ ಅಂಟಿಕೊಂಡು ನಿಂತಿದ್ದೆ. ನಾನು ದುಡ್ಡು ಕಟ್ಟಿದ್ದ ಕುದುರೆ ಮುಂದಿತ್ತು, ನೇರ ನನ್ನ ಮುಂದೆಯೇ ಅದರ ಹೆಜ್ಜೆ ತಪ್ಪಿತು. ಟಕಟಕ ಅಂತ ಒಂದೇ ಸಮನೆ ಬರುತ್ತಿದ್ದ ಸದ್ದು ದಡಬಡ ಆಯಿತು. ಡ್ರೈವರ್ ಹಿಂದಕ್ಕೆ ಒರಗಿ ಲಗಾಮು ಜಗ್ಗಿ ಅದನ್ನು ಹಳೇ ನಡೆಗೆ ತರುವಷ್ಟರಲ್ಲಿ ಉಳಿದವೆಲ್ಲ ದಾಟಿಹೋದವು. ಪಕ್ಕದಲ್ಲಿದ್ದ ಮುದುಕ ರೈತ ನನಗಿಂತ ಹೆಚ್ಚು ನೊಂದುಕೊಂಡ, ಅವನದೇನೂ ದುಡ್ಡಿರಲಿಲ್ಲ. ಸೊಂಟಕ್ಕೆ ಭಾರೀ ಪೆಟ್ಟಾದ ಮೇಲೂ ಓಡಿ, 1968ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಡಾಲರ್ ಗಳಿಕೆ ದಾಟಿದ ಇಲ್ಲಿಯ ಪೇಸರ್ ಕಾರ್ಡಿಗನ್ ಬೇ ಕಥೆ ಹೇಳಿದವನು ಅವನೇ. ಆ ಕುದುರೆಯ ಚಿತ್ರ ಇಲ್ಲಿ ಅಂಚೆಚೀಟಿ ಮೇಲೂ ಬಂದಿದೆ.

ಇನ್ನು ಜೂಜು. ಟೋಟ್ ಅಂದರೆ ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ. ನಡೆಸುವವರು ಮೊದಲು ತಮ್ಮ ಪಾಲು ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಹಾಗಾಗಿ ಒಟ್ಟಾರೆ ಜನ ಸೋಲಲೇಬೇಕು, ಅದು ಬರೀ ಲೆಕ್ಕ. ಆ ಲೆಕ್ಕ ಹಾಕುವ ಮೊದಲ ಸ್ವಯಂಚಾಲಿತ ಯಂತ್ರ ಕೆಲಸ ಶುರುಮಾಡಿದ್ದೂ ಈ ದೇಶದಲ್ಲೇ, 1913ರಲ್ಲಿ ಆಕ್ಲೆಂಡಿನ ಎಲ್ಲರ್ಸ್ಲಿಯಲ್ಲಿ. ಅದನ್ನು ರೂಪಿಸಿದ ಎಂಜಿನಿಯರ್ ಜಾರ್ಜ್ ಜೂಲಿಯಸ್ ಮೊದಲು ಯೋಚಿಸಿದ್ದು ಮತ ಎಣಿಸಲಿಕ್ಕೆ. ಸರ್ಕಾರ ಬೇಡವೆಂದಿತು, ರೇಸಿನವರು ಬಾಚಿಕೊಂಡರು.

ಮೊದಲ ವರ್ಷ ನಾನು ಆ ವಾರದ ದಿನಸಿ ದುಡ್ಡನ್ನು ಅಲ್ಲೇ ಕಳೆದು, ಮನೆಯಲ್ಲಿ ಎರಡು ದಿನ ಮಾತಿಲ್ಲದೆ ಊಟ ಮಾಡಿದೆ. ಈಗ ಇಪ್ಪತ್ತು ಡಾಲರ್ ನೋಟು ಜೇಬಿನಲ್ಲಿಟ್ಟು, ಕಾರ್ಡನ್ನೂ ಫೋನನ್ನೂ ಹೆಂಡತಿ ಕೈಗೆ ಕೊಟ್ಟು ಹೋಗುತ್ತೇನೆ. ಜೂಜೇ ಬೇಡ ಅನ್ನಿಸಿದರೆ "ನಾನು ಕಟ್ಟೋದಿಲ್ಲ, ನೋಡೋಕೆ ಬರ್ತೀನಿ" ಅನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸಂಜೆ ಕುಡಿದವರ ಗಲಾಟೆ ಜಾಸ್ತಿ, ಕಪ್ ರೇಸ್ ಮುಗಿದ ಕೂಡಲೇ ಹೊರಡಿ.

ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಬೇಗ ಎದ್ದು ವುಡ್‌ಎಂಡ್ ಕಡಲತೀರಕ್ಕೆ ಹೋಗಿಬನ್ನಿ. ಅಲ್ಲಿ ತಾಲೀಮಿಗೆ ತರುವ ಕುದುರೆಗಳು ಒದ್ದೆ ಮರಳಿನ ಮೇಲೆ ಗಾಡಿ ಎಳೆದುಕೊಂಡು ಓಡುತ್ತಿರುತ್ತವೆ. ಕಾಲುಗಳನ್ನು ನೋಡಿ, ಯಾವುದು ಟ್ರಾಟರ್, ಯಾವುದು ಪೇಸರ್ ಅಂತ ನನಗೆ ಹೇಳಿ.