ಕನ್ನಂಬಾಡಿ ಬಿರುಕು ಬಿಟ್ಟಿದೆ ಅನ್ನುವ ಸುದ್ದಿಯನ್ನು ವಿದ್ಯಾವಂತರೂ ಯಾಕೆ ನಂಬುತ್ತಾರೆ?

ನಿಮ್ಮ ತಾಯಿ ಶ್ರೀರಂಗಪಟ್ಟಣದ ಹತ್ತಿರ ಹೊಳೆ ಪಕ್ಕದ ಊರಲ್ಲಿದ್ದಾರೆ, ಟೀಚರ್ ಆಗಿ ನಿವೃತ್ತರಾದವರು. ಒಂದು ಮಧ್ಯಾಹ್ನ ಢಮ್ ಅಂತ ಸದ್ದಾಯಿತು. ಸಂಜೆಗೆ ನೆಂಟರ ಗ್ರೂಪಿನಲ್ಲಿ "ಕನ್ನಂಬಾಡಿ ಕಟ್ಟೆ ಬಿರುಕು ಬಿಟ್ಟಿದೆ, ರಾತ್ರಿ ಎಚ್ಚರ" ಅನ್ನುವ ವಾಯ್ಸ್ ಮೆಸೇಜ್ ಬಂತು. ಸುಳ್ಳು ಅಂತ ನೀವು ಎಷ್ಟು ಹೇಳಿದರೂ ಕೇಳದೆ ಅವರೇ ಅದನ್ನು ಇನ್ನೂ ನಾಲ್ಕು ಜನಕ್ಕೆ ಕಳಿಸಿದರು. ಓದಿದವರೇ ಹೀಗೆ ಮಾಡಿದರೆ ಹೇಗೆ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಡಿಗ್ರಿ ಮಕ್ಕಳಿಗೆ ಮನೋವಿಜ್ಞಾನ ಪಾಠ ಮಾಡುವವಳು. ಊರು ಪಾಂಡವಪುರದ ಕಡೆ, ಆ ಸದ್ದಿನ ಪರಿಚಯ ನನಗೂ ಇದೆ. ನಿಮ್ಮ ತಾಯಿಯ ಮನಸ್ಸಿನಲ್ಲಿ ಭಯ ಹುಟ್ಟಿದ್ದು ಮಧ್ಯಾಹ್ನವೇ. ಇಷ್ಟು ಭಯವಾಗುತ್ತಿದೆಯಲ್ಲ, ಯಾತಕ್ಕೆ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಸಂಜೆ ಬಂದ ಸುದ್ದಿ ಆ ಉತ್ತರ ಕೊಟ್ಟಿತು. ನೀವು ಸುದ್ದಿಯ ಜೊತೆ ಜಗಳ ಆಡುತ್ತಿದ್ದೀರಿ, ಭಯ ಇದ್ದಲ್ಲೇ ಇದೆ.

ಇದು ನನ್ನ ಊಹೆಯಲ್ಲ. 1934ರ ಜನವರಿ 15ರಂದು ಬಿಹಾರ, ನೇಪಾಳಗಳಲ್ಲಿ ಭಾರಿ ಭೂಕಂಪವಾಯಿತು. ಆಮೇಲೆ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಅನ್ನುವ ಮನೋವಿಜ್ಞಾನಿ ಕಲೆಹಾಕಿದರು. ಅವು ಸಿಕ್ಕಿದ್ದು ಮನೆಗಳು ಬಿದ್ದು ಜನ ಸತ್ತ ಊರುಗಳಲ್ಲಲ್ಲ. ನೆಲ ಜೋರಾಗಿ ನಡುಗಿದರೂ ಏನೂ ಹಾನಿಯಾಗದ ಊರುಗಳಲ್ಲಿ. ನೇಪಾಳದ ಕಡೆಯಿಂದ ಪ್ರವಾಹ ನುಗ್ಗಿ ಬರುತ್ತಿದೆ, ಚಂದ್ರಗ್ರಹಣದ ದಿನ ಮತ್ತೆ ಭೂಕಂಪ ಆಗುತ್ತದೆ, ಇಷ್ಟರಲ್ಲೇ ಪ್ರಳಯ ಆಗುತ್ತದೆ ಅಂತೆಲ್ಲ ಮಾತು.

ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ ವರ್ಷಗಳ ನಂತರ ಈ ವರದಿ ಓದಿದಾಗ ಒಂದು ಪ್ರಶ್ನೆ ಅವರನ್ನು ಕಾಡಿತು. ಪಾರಾದ ಜನ ಸಮಾಧಾನದ ಮಾತು ಹುಡುಕಬೇಕಿತ್ತು, ಇನ್ನಷ್ಟು ಹೆದರಿಸುವ ಮಾತನ್ನು ಯಾಕೆ ನಂಬಿದರು? ನೆಲ ನಡುಗಿ ಎದೆ ಹೊಡೆದುಕೊಳ್ಳುತ್ತಿದೆ, ಸುತ್ತ ನೋಡಿದರೆ ಒಂದು ಹೆಂಚೂ ಬಿದ್ದಿಲ್ಲ. ಒಳಗಿನ ಭಯಕ್ಕೂ ಹೊರಗೆ ಕಾಣುವುದಕ್ಕೂ ತಾಳೆಯಾಗುವುದಿಲ್ಲ. ಮುಂದೆ ಇನ್ನೂ ದೊಡ್ಡದು ಕಾದಿದೆ ಅಂದುಕೊಂಡರೆ ಆ ಭಯಕ್ಕೆ ಅರ್ಥ ಬರುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ವರದಿ ಇತ್ತು: ಡಾರ್ಜಿಲಿಂಗ್‌ನಲ್ಲಿ ಭೂಕುಸಿತವಾದ ಮೇಲೆ ದುರ್ಗಾನಂದ ಸಿನ್ಹಾ ಮಾಡಿದ ಅಧ್ಯಯನ, 1952ರಲ್ಲಿ ಪ್ರಕಟವಾದದ್ದು. ಅಲ್ಲಿ ಜನ ನಾಶವನ್ನು ಕಣ್ಣಾರೆ ಕಂಡಿದ್ದರು; ಮುಂದೆ ಇನ್ನೂ ಘೋರವಾದದ್ದು ಬರುತ್ತದೆ ಅನ್ನುವ ವದಂತಿ ಅಲ್ಲಿ ಹಬ್ಬಲಿಲ್ಲ. ಎರಡು ಬೇರೆ ಬೇರೆ ಅನಾಹುತಗಳ ಹೋಲಿಕೆ ಮಾತ್ರ ಇದು, ಪ್ರಯೋಗ ಅಲ್ಲ ಅನ್ನುವುದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ಆದರೆ 1957ರಲ್ಲಿ ಫೆಸ್ಟಿಂಜರ್ ಮುಂದಿಟ್ಟ, ಇವತ್ತಿಗೂ ಎಲ್ಲ ಪಠ್ಯಗಳಲ್ಲಿರುವ 'ಕಾಗ್ನಿಟಿವ್ ಡಿಸೊನೆನ್ಸ್' (ಮನಸ್ಸಿನೊಳಗಿನ ತಾಳೆಯಾಗದಿರುವಿಕೆ) ಸಿದ್ಧಾಂತಕ್ಕೆ ಬೀಜ ಬಿದ್ದದ್ದು ನಮ್ಮ ದೇಶದ ಈ ವದಂತಿಗಳಿಂದಲೇ.

ಈಗ ನಿಮ್ಮ ಮನೆಗೆ ಬನ್ನಿ. ಕಿಟಕಿ ಅದುರುವಂಥ ಸದ್ದು, ಹೊರಗೆ ಬಂದರೆ ಎಲ್ಲ ಎಂದಿನಂತೆ. ಮೇಲ್ಗಡೆ 124.80 ಅಡಿ ನೀರು ನಿಲ್ಲುವ ಕಟ್ಟೆ. ತಾಳೆಯಾಗದ ಆ ಭಯವೇ ಇದು.

ಅವರ ಭಯ ಮೂರ್ಖತನ ಅಂತ ದಯವಿಟ್ಟು ಅನ್ನಬೇಡಿ. ಕಟ್ಟೆಗೆ ಹತ್ತಿರದ ಬೇಬಿ ಬೆಟ್ಟದ ಸುತ್ತ ಕಲ್ಲುಗಣಿಯಲ್ಲಿ ಸಿಡಿಮದ್ದು ಸಿಡಿಸಿದ್ದಾರೆ, ಕಟ್ಟೆಯ ಸುರಕ್ಷತೆಯ ಪ್ರಶ್ನೆ ಹೈಕೋರ್ಟಿನವರೆಗೆ ಹೋಗಿದೆ, 2024ರ ಜನವರಿಯಲ್ಲಿ ಕಟ್ಟೆಯಿಂದ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಗೆ ಕೋರ್ಟು ತಡೆ ಹಾಕಿದೆ. ಕಾಳಜಿ ನಿಜವಾದದ್ದು, ಬಿರುಕಿನ ಸುದ್ದಿ ಮಾತ್ರ ಸುಳ್ಳು.

ಓದು ಯಾಕೆ ಕಾಪಾಡಲಿಲ್ಲ ಅಂದಿರಲ್ಲ. ಲಿಸಾ ಫೇಜಿಯೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕಾಟ್‌ಲ್ಯಾಂಡಿನ ಗಂಡಸರು ಉಡುವ ನೆರಿಗೆಯ ಗಿಡ್ಡ ಉಡುಪಿಗೆ ಸೀರೆ ಅನ್ನುತ್ತಾರೆ ಅನ್ನುವಂಥ ವಾಕ್ಯಗಳನ್ನು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿದರು. ಸರಿಯಾದ ಉತ್ತರ ಗೊತ್ತಿದ್ದವರಿಗೂ ಎರಡನೇ ಸಲ ಕಂಡಾಗ ಸುಳ್ಳು ಸ್ವಲ್ಪ ಹೆಚ್ಚು ನಿಜ ಅನ್ನಿಸಿತು. ಪರಿಚಿತವಾದದ್ದು ಸಲೀಸಾಗಿ ತಲೆಗಿಳಿಯುತ್ತದೆ. ಆ ಸಲೀಸನ್ನೇ ಮನಸ್ಸು ಸತ್ಯದ ಗುರುತು ಅಂದುಕೊಳ್ಳುತ್ತದೆ. ನಿಮ್ಮ ತಾಯಿಗೆ ಅದೇ ಮೆಸೇಜು ಎಷ್ಟು ಗ್ರೂಪಿನಿಂದ ಬಂದಿರಬಹುದು ಯೋಚಿಸಿ.

ಹಾಗಾದರೆ ಏನು ಹೇಳಬೇಕು? 1994ರಲ್ಲಿ ಜಾನ್ಸನ್ ಮತ್ತು ಸೀಫರ್ಟ್ ಅನ್ನುವ ಸಂಶೋಧಕರು ಜನರಿಗೆ ಒಂದು ಗೋದಾಮಿನ ಬೆಂಕಿಯ ಕಥೆ ಓದಿಸಿದರು. ಒಂದು ಕೋಣೆಯಲ್ಲಿ ಪೇಂಟು, ಗ್ಯಾಸ್ ಸಿಲಿಂಡರ್ ಇದ್ದವು ಅಂತ ಮೊದಲು ಹೇಳಿ, ಆಮೇಲೆ ಇಲ್ಲ, ಆ ಕೋಣೆ ಖಾಲಿ ಇತ್ತು ಅಂತ ತಿದ್ದಿದರು. ತಿದ್ದುಪಡಿ ನೆನಪಿದ್ದವರೂ ದಟ್ಟ ಹೊಗೆಗೆ ಕಾರಣ ಕೇಳಿದರೆ ಪೇಂಟು ಅನ್ನುತ್ತಿದ್ದರು. ಯಾರೋ ಬೇಕಂತಲೇ ಬೆಂಕಿ ಹಚ್ಚಿದ ಗುರುತು ಸಿಕ್ಕಿತು ಅಂತ ಬೇರೆ ಕಾರಣ ಕೊಟ್ಟಾಗ ಪೇಂಟಿನ ಮಾತು ಕಡಿಮೆಯಾಯಿತು.

"ಬಿರುಕಿಲ್ಲ ಅಮ್ಮ" ಅಂದರೆ ಸದ್ದಿಗೆ ಕಾರಣವೇ ಇಲ್ಲದಂತಾಗುತ್ತದೆ. ಆವತ್ತಿನ ಸದ್ದು ಏನು ಅಂತ ಮೊದಲು ತಿಳಿದುಕೊಳ್ಳಿ, ಸ್ಥಳೀಯ ಪತ್ರಿಕೆಯಲ್ಲಿ ಮಾರನೇ ದಿನ ಅಧಿಕಾರಿಗಳ ಹೇಳಿಕೆ ಬಂದಿದೆಯೇ ನೋಡಿ, ಅದನ್ನು ಅವರ ಮುಂದಿಡಿ. ತಿದ್ದಿದರೆ ಹಟ ಹೆಚ್ಚುತ್ತದೆ ಅನ್ನುವ ಹೆದರಿಕೆ ಬೇಡ; ವುಡ್ ಮತ್ತು ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದಾಗ ಅಂಥದ್ದು ಕಾಣಲಿಲ್ಲ. ಗ್ರೂಪಿನಲ್ಲಿ ಎಲ್ಲರ ಮುಂದೆ ಮಾತ್ರ ತಿದ್ದಬೇಡಿ, ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಪಕ್ಕದಲ್ಲಿ ಕೂತು, "ನಿಮಗೆ ಆವತ್ತು ಎಷ್ಟು ಭಯ ಆಯ್ತು?" ಅಂತ ಮೊದಲು ಕೇಳಿ.

ಆಮೇಲೆ ಒಂದು ಕೆಲಸ ಒಪ್ಪಿಸಿ. ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಮುಂದಿನ ಸಲ ಇಂಥ ಮೆಸೇಜು ಬಂದಾಗ ಆ ಅಂಕಿಗಳನ್ನು ಗ್ರೂಪಿಗೆ ಅವರೇ ಹಾಕಲಿ. ಟೀಚರ್ ಆಗಿದ್ದವರ ಮಾತನ್ನು ನೆಂಟರು ನಿಮ್ಮ ಮಾತಿಗಿಂತ ಬೇಗ ಕೇಳುತ್ತಾರೆ.