ಅಮ್ಮನಿಗೆ ತಿಮಿಂಗಿಲದ ಮರಿ ತೋರಿಸಬೇಕು, ಬಾಜಾ ಕ್ಯಾಲಿಫೋರ್ನಿಯಾದಲ್ಲಿ ಯಾವ ಸಣ್ಣ ಹಡಗು ಒಳ್ಳೆಯದು?

ಫೆಬ್ರವರಿಯಲ್ಲಿ ಚಿತ್ರದುರ್ಗದಿಂದ ಅಪ್ಪ-ಅಮ್ಮ ನಿಮ್ಮ ಹತ್ತಿರ ಅಮೆರಿಕಕ್ಕೆ ಬರುತ್ತಾರೆ, ಅಮ್ಮನಿಗೆ ತಿಮಿಂಗಿಲದ ಮರಿ ಮುಟ್ಟುವ ಆಸೆ, ಒಂದು ವಾರದ ಹಡಗುಗಳಲ್ಲಿ ಯಾವುದು ಬುಕ್ ಮಾಡಲಿ ಅಂತ ಕೇಳಿದ್ದೀರಿ. ಓದಿ ನನ್ನ ಎದೆ ಧಸಕ್ ಅಂತು. 2019ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ನಿಮ್ಮ ಅಮ್ಮನ ಜಾಗದಲ್ಲಿ ನನ್ನ ಅಕ್ಕ ಇದ್ದಳು, ಅಷ್ಟೇ.

ನಾನು ದಾವಣಗೆರೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಅಕ್ಕ ಹಿರಿಯೂರು ಕಡೆಯ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದವಳು. ಒಂದು ಸಲ ನಮ್ಮ ಮನೆಗೆ ಬಂದಾಗ ಟಿವಿಯಲ್ಲಿ ಬೂದು ತಿಮಿಂಗಿಲವೊಂದು ತನ್ನ ಮರಿಯನ್ನು ದೋಣಿಯ ಹತ್ತಿರ ತಳ್ಳಿಕೊಂಡು ಬರುವುದನ್ನು ನೋಡಿದಳು. ದೋಣಿಯಲ್ಲಿದ್ದ ಹೆಂಗಸು ಮರಿಯ ಮೂತಿ ಸವರಿದಳು. "ಹಸ ಕರುನ ತಂದು ತೋರಿಸ್ದಂಗೆ ತೋರಿಸ್ತೈತಲ್ಲೇ" ಅಂದಳು ಅಕ್ಕ. ಆಮೇಲೆ ಎಷ್ಟೋ ವರ್ಷ ಅದೇ ಮಾತು. ಅವಳ ಮಗನಿಗೆ ಸ್ಯಾನ್ ಡಿಯಾಗೊದಲ್ಲಿ ಕೆಲಸ ಸಿಕ್ಕಿತು, ನಾವಿಬ್ಬರೂ ಹೊರಟೆವು.

ಹಡಗು ಹುಡುಕಿದ್ದು ನಾನು. ತಪ್ಪು ಮಾಡಿದ್ದೂ ನಾನೇ. ಅದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಬಾಜಾ ಅಂದರೆ ಮೆಕ್ಸಿಕೊದ ಪಶ್ಚಿಮಕ್ಕೆ ಬಾಲದ ಹಾಗೆ ಇಳಿಬಿದ್ದಿರುವ ಮರುಭೂಮಿ. ಸುಮಾರು 1,200 ಕಿ.ಮೀ. ಉದ್ದ. ಅದಕ್ಕೆ ಎರಡು ಕಡಲು. ನಕ್ಷೆಯಲ್ಲಿ ಎಡಕ್ಕೆ ಪೆಸಿಫಿಕ್ ಸಾಗರ, ಬಲಕ್ಕೆ ಕ್ಯಾಲಿಫೋರ್ನಿಯಾ ಕೊಲ್ಲಿ. ಬೂದು ತಿಮಿಂಗಿಲ ಮರಿ ಹಾಕುವುದು ಎಡಗಡೆ. ಓಹೊ ದೆ ಲಿಯೆಬ್ರೆ, ಸಾನ್ ಇಗ್ನಾಸಿಯೊ, ಮಗ್ದಲೇನಾ ಅಂತ ಒಳಕ್ಕೆ ನುಗ್ಗಿದ, ಅಲೆ ಕಡಿಮೆ ಇರುವ ಜಾಗಗಳಿವೆ. ಉತ್ತರ ಧ್ರುವದ ಕಡೆಯ ಕಡಲಿನಿಂದ ಬಸುರಿ ತಿಮಿಂಗಿಲಗಳು ಅಲ್ಲಿಗೇ ಬರುತ್ತವೆ. ಹೋಗಿ ಬರುವುದು ಸೇರಿ 16,000 ಕಿ.ಮೀ. ದಾರಿ. ಬಲಗಡೆ ಸಿಗುವುದು ನೀಲಿ ತಿಮಿಂಗಿಲ, ಕಡಲ ಸಿಂಹ, ಡಾಲ್ಫಿನ್, ದ್ವೀಪಗಳು. ನಾನು ಬುಕ್ ಮಾಡಿದ ಹಡಗು ಲಾ ಪಾಜ್‌ನಿಂದ ಹೊರಟು ಲೊರೆಟೊ ತನಕ ಹೋಗಿ ವಾಪಸ್. ಪೂರ್ತಿ ಬಲಗಡೆ.

ತಿಂಗಳು ಸರಿಯಾಗಿಯೇ ಇತ್ತು. ಫೆಬ್ರವರಿ ಕೊನೆಯ ವಾರ. ಹಡಗಿನವರು ಕಳಿಸಿದ ಕಾಗದದಲ್ಲಿ "ತಿಮಿಂಗಿಲ ನೋಡುವುದು" ಅಂತಿತ್ತು. ಪಕ್ಕದಲ್ಲೇ ಮರಿಯ ಮೂತಿ ಮೇಲೆ ಕೈ ಇಟ್ಟ ಫೋಟೊ. ಬರೆದದ್ದು ಸುಳ್ಳಲ್ಲ. ನೀಲಿ ತಿಮಿಂಗಿಲವೂ ತಿಮಿಂಗಿಲವೇ. ಆದರೆ ಫೋಟೊ ಇನ್ನೊಂದು ಕಡಲಿನದು. ನಾನು ಎಷ್ಟು ದ್ವೀಪ ಅಂತ ಎಣಿಸಿದೆ. ಕ್ಯಾಬಿನ್ನಿಗೆ ಕಿಟಕಿ ಇದೆಯಾ ನೋಡಿದೆ. ಸಸ್ಯಾಹಾರ ಕೊಡುತ್ತೀರಾ ಅಂತ ಮೂರು ಸಲ ಮೇಲ್ ಹಾಕಿದೆ. ಹಡಗು ಹೋಗುವ ದಾರಿಯನ್ನು ಮಾತ್ರ ನಕ್ಷೆಯ ಮೇಲೆ ಬೆರಳಿಟ್ಟು ನೋಡಲಿಲ್ಲ. ಮಲೆನಾಡು ನೋಡಬೇಕು ಅಂದವರನ್ನು ಚಳ್ಳಕೆರೆಯಲ್ಲಿ ಇಳಿಸಿದ ಹಾಗಾಯಿತು. ಚಳ್ಳಕೆರೆಗೂ ಅದರದೇ ಚಂದ ಇದೆ. ಬಂದವರು ಕೇಳಿದ್ದು ಅದನ್ನಲ್ಲ, ಅಲ್ವಾ? ಬೂದು ತಿಮಿಂಗಿಲ ಇರುವ ಎಡಗಡೆಗೆ ಹೋಗಬೇಕಾದರೆ ಹಡಗು ದಕ್ಷಿಣದ ತುದಿಯ ಕಾಬೊ ಸಾನ್ ಲುಕಾಸ್ ಸುತ್ತಿ ಬರಬೇಕು. ಇಲ್ಲ, ನಾವು ಇಳಿದು ಬಸ್ಸಿನಲ್ಲಿ ನೆಲ ದಾಟಬೇಕು.

ಗೊತ್ತಾಗಿದ್ದು ಎರಡನೇ ದಿನ ರಾತ್ರಿ. ಪ್ರಾಣಿಗಳ ಬಗ್ಗೆ ಹೇಳುವ ಗೈಡ್ ಹುಡುಗಿ ಗೋಡೆಗೆ ನಕ್ಷೆ ಹಾಕಿ ಮಾರನೇ ದಿನದ ದಾರಿ ತೋರಿಸುತ್ತಿದ್ದಳು. ಬೂದು ತಿಮಿಂಗಿಲ ಯಾವ ದಿನ ಅಂತ ಕೇಳಿದೆ. ಅವಳು ಕೈಯಲ್ಲಿದ್ದ ಕೋಲನ್ನು ನೆಲ ದಾಟಿಸಿ ಆ ಕಡೆಯ ಕಡಲಿನ ಮೇಲೆ ಇಟ್ಟಳು. ಅಕ್ಕನಿಗೆ ಇಂಗ್ಲಿಷ್ ಬರಲ್ಲ. ಕೋಲು ಎಲ್ಲಿ ನಿಂತಿತು ಅಂತ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಹೋಗ್ಲಿ ಬಿಡೇ" ಅಂದು ನನ್ನ ಕೈ ಹಿಡಿದುಕೊಂಡಳು.

ಪ್ರವಾಸ ಕೆಟ್ಟದಾಗಿತ್ತು ಅಂತ ನಾನು ಹೇಳಲ್ಲ. ಜನವೇ ಇಲ್ಲದ ದ್ವೀಪದ ಪಕ್ಕ ಲಂಗರು ಹಾಕುತ್ತಾರೆ. ರಬ್ಬರ್ ದೋಣಿಯ ಅಂಚಿನಲ್ಲಿ ಕೂತು, ಕಾಲು ಆಚೆ ಹಾಕಿ, ಮಂಡಿಯುದ್ದ ನೀರಿಗೆ ಇಳಿಯಬೇಕು. ನಾವಿಕರು ಅಂಗೈ ಹಿಡಿಯಲ್ಲ, ಮುಂಗೈ ಹಿಡಿಯುತ್ತಾರೆ. ಅಂಗೈ ಒದ್ದೆಯಾದರೆ ಜಾರುತ್ತದೆ. ಒಂದು ದ್ವೀಪದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಅಕ್ಕ ನಿಂತುಬಿಟ್ಟಳು. "ನಮ್ ಹೊಲದ ಬದುನಾಗಿರೋ ಕತ್ತಾಳೆ ಅಲ್ಲೇನೆ ಇದು?" ಅದರದೇ ಜಾತಿ ಅಂದೆ. ಕತ್ತಾಳೆ, ಪಾಪಸುಕಳ್ಳಿ ಎರಡೂ ನಮ್ಮ ಕಡೆಗೆ ಬಂದದ್ದು ಅಮೆರಿಕ ಖಂಡದಿಂದ ಅಂತ ಹೇಳಿದೆ. ಅವಳು ಕತ್ತಾಳೆಯ ಮುಳ್ಳನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಪಕ್ಕದಲ್ಲಿ ಲೈಟು ಕಂಬಕ್ಕಿಂತ ಎತ್ತರದ ಕಾರ್ಡೋನ್ ಕಳ್ಳಿಗಳು. ಸಾಂತಾ ಕತಲಿನಾ ಅನ್ನುವ ದ್ವೀಪದಲ್ಲಿ ಬಾಲದಲ್ಲಿ ಗಿಲಕಿಯೇ ಇಲ್ಲದ ಗಿಲಕಿ ಹಾವಿದೆ (ಇಂಗ್ಲಿಷಿನಲ್ಲಿ ರ‍್ಯಾಟಲ್ ಸ್ನೇಕ್ ಅನ್ನುವ ಜಾತಿ), ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಾವು ಇಳಿದ ದಿನ ಕಾಣಲಿಲ್ಲ. ಬಡಗಣ ಗಾಳಿ ಎದ್ದು ಒಂದು ಇಡೀ ದಿನ ಹೋಯಿತು. ಚಳಿಗಾಲದಲ್ಲಿ ಅಲ್ಲಿ ಅದು ಸಾಮಾನ್ಯ. ಕ್ಯಾಪ್ಟನ್ ದಾರಿ ಬದಲಿಸಿದರೆ ಯಾರೂ ಕೇಳುವ ಹಾಗಿಲ್ಲ.

ಲೊರೆಟೊ ಹತ್ತಿರ ನೀಲಿ ತಿಮಿಂಗಿಲ ಕಂಡಿತು. ಮೊದಲು ಕಿವಿಗೆ ಬಿತ್ತು. ಲಾರಿಯ ಏರ್ ಬ್ರೇಕ್ ಬಿಟ್ಟ ಹಾಗೆ ಒಂದು ಉಸಿರು. ಮೇಲೆ ಎದ್ದ ನೀರಹೊಗೆ ಮೂರು ಮಹಡಿ ಎತ್ತರ. ಆಮೇಲೆ ಬೆನ್ನು, ಬೆನ್ನು, ಮುಗಿಯದ ಬೆನ್ನು. ಕೊನೆಗೆ ಅಂಗೈಯಗಲ ಕಾಣುವ ಒಂದು ರೆಕ್ಕೆ. ನಮ್ಮ ಎರಡು ಬಸ್ಸು ಹಿಂದೆ ಮುಂದೆ ನಿಲ್ಲಿಸಿದರೆ ಎಷ್ಟೋ ಅಷ್ಟು ಉದ್ದ. ಅಕ್ಕ ಕೈ ಮುಗಿದಳು. ಆದರೆ ಅದು ದೂರದ್ದು. ನೋಡುವುದೇ ಹೊರತು ಮುಟ್ಟುವಂಥದ್ದಲ್ಲ.

ಈಗ ನಿಮ್ಮ ಪ್ರಶ್ನೆಗೆ. ಯಾವ ಹಡಗು ಅಂತ ಕೇಳುವುದನ್ನು ಬಿಡಿ. ನಿಮ್ಮ ಅಮ್ಮನ ಆಸೆಗೆ ಹಡಗೇ ಬೇಕಾಗಿಲ್ಲ. ಮರಿ ಮುಟ್ಟುವುದು ಯಾವತ್ತೂ ಪಾಂಗಾದಿಂದ, ಅಂದರೆ ಅಲ್ಲಿನ ಮೀನುಗಾರರ ಸಣ್ಣ ತೆರೆದ ದೋಣಿಯಿಂದ. ಎಷ್ಟೇ ದುಬಾರಿ ಹಡಗಿನಲ್ಲಿ ಹೋದರೂ ಕೊನೆಗೆ ಇಳಿದು ಕೂರುವುದು ಅದೇ ದೋಣಿಯಲ್ಲಿ. ಲೊರೆಟೊಗೆ ವಿಮಾನದಲ್ಲಿ ಹೋಗಿ. ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಗೆ ಅಡೋಲ್ಫೊ ಲೋಪೆಸ್ ಮಾತೆಯೊಸ್ ಅನ್ನುವ ಊರು, ಮಗ್ದಲೇನಾ ಕಡೆಯ ನೀರು. ಅಲ್ಲೇ ಮೂರು ದಿನ ಇರಿ. ಮೂರು ದಿನವೂ ದೋಣಿ ಹತ್ತಿ. ಒಂದು ದಿನ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬರುವುದು ಬಿಡುವುದು ತಿಮಿಂಗಿಲದ ಇಷ್ಟ. ದೋಣಿಯವರು ನಿಧಾನ ಮಾಡಿ ಕಾಯುತ್ತಾರೆ, ಅಟ್ಟಿಸಿಕೊಂಡು ಹೋಗಲ್ಲ. ಫೆಬ್ರವರಿ ಅರ್ಧದಿಂದ ಮಾರ್ಚ್ ತನಕ ಮರಿ ಸ್ವಲ್ಪ ಬಲಿತಿರುತ್ತದೆ, ತಾಯಿಯೂ ಧೈರ್ಯವಾಗಿ ಹತ್ತಿರ ಬಿಡುತ್ತಾಳೆ. ಹುಟ್ಟುವಾಗಲೇ ಮರಿ 4 ಮೀಟರಿಗಿಂತ ಜಾಸ್ತಿ. ತಾಯಿಯ ಹಾಲಿನಲ್ಲಿ ಅರ್ಧಕ್ಕರ್ಧ ಕೊಬ್ಬು. ಆದರೆ ತಾಯಿ ಅಲ್ಲಿರುವಷ್ಟು ದಿನ ಹೆಚ್ಚುಕಮ್ಮಿ ಉಪವಾಸ.

ಇದೇ ತಾಯಂದಿರನ್ನು ಬೇಟೆಗಾರರು ದೆವ್ವದ ಮೀನು ಅಂತ ಕರೆಯುತ್ತಿದ್ದರು. ಸ್ಕ್ಯಾಮನ್ ಅನ್ನುವ ಕ್ಯಾಪ್ಟನ್ 1857ರಲ್ಲಿ ಓಹೊ ದೆ ಲಿಯೆಬ್ರೆ ಒಳಕ್ಕೆ ಹಡಗು ತಂದ ಮೇಲೆ ಅಲ್ಲೂ ಮರಿ ಹಾಕುವ ಜಾಗದಲ್ಲೇ ಕೊಲ್ಲತೊಡಗಿದರು. ತಾಯಿ ತಿರುಗಿಬಿದ್ದು ದೋಣಿ ಒಡೆಯುತ್ತಿತ್ತು, ಅದಕ್ಕೆ ಆ ಹೆಸರು. 1972ರಲ್ಲಿ ಸಾನ್ ಇಗ್ನಾಸಿಯೊದಲ್ಲಿ ಫ್ರಾನ್ಸಿಸ್ಕೊ ಮಯೋರಾಲ್ ಅನ್ನುವ ಮೀನುಗಾರನ ದೋಣಿಯ ಪಕ್ಕಕ್ಕೆ ಒಂದು ತಿಮಿಂಗಿಲ ತಾನಾಗೇ ಬಂದು ನಿಂತಿತು. ಅವನು ಹೆದರಿಕೊಂಡೇ ಕೈ ಇಟ್ಟ. ಈಗ ಎಲ್ಲರೂ ಕೈ ಚಾಚುವುದು ಅಲ್ಲಿಂದ ಶುರುವಾದದ್ದು. ಇದನ್ನು ಹೋಗುವ ಮುಂಚೆ ಅಮ್ಮನಿಗೆ ಹೇಳಿ.

ನಾವು ಲಾ ಪಾಜ್‌ಗೆ ವಾಪಸ್ ಬಂದ ದಿನ ಮಗ್ದಲೇನಾ ಬರೀ ಮೂರ್ನಾಲ್ಕು ಗಂಟೆ ದಾರಿ. ಮಾರನೇ ಬೆಳಿಗ್ಗೆ ವಿಮಾನ, ಅಕ್ಕನ ಮಗನ ರಜೆ ಮುಗಿದಿತ್ತು. ಎರಡು ವರ್ಷ ಬಿಟ್ಟು ಮತ್ತೆ ಬರೋಣ ಅಂದುಕೊಂಡೆವು. ಅಷ್ಟರಲ್ಲಿ ಕೊರೊನಾ ಬಂತು. ಆಮೇಲೆ ಅಕ್ಕನ ಮಂಡಿ ಹೋಯಿತು, ಈಗ ಹಿರಿಯೂರಿನಿಂದ ದಾವಣಗೆರೆಗೆ ಬರುವುದೇ ಕಷ್ಟ. ಫೆಬ್ರವರಿ ಬಂದರೆ ಫೋನಿನಲ್ಲಿ "ಈಗ ಮರಿ ಹಾಕಿರ್ತಾವೆ ಅಲ್ಲೇನೆ?" ಅನ್ನುತ್ತಾಳೆ.

ಹಡಗಿನಲ್ಲೇ ಹೋಗಬೇಕು ಅಂತ ಅಪ್ಪ ಹಟ ಹಿಡಿದರೆ ಹಡಗು ಮುಗಿದ ಮೇಲೆ ಮೂರು ದಿನ ಖಾಲಿ ಇಟ್ಟುಕೊಂಡು ವಾಪಸ್ ಟಿಕೆಟ್ ಮಾಡಿ. ದುಡ್ಡು ಕಟ್ಟುವ ಮುಂಚೆ ದಾರಿಯ ನಕ್ಷೆ ಇಲ್ಲಿ ಹಾಕಿ, ಯಾವ ಬದಿ ಅಂತ ನಾನು ನೋಡಿ ಹೇಳುತ್ತೇನೆ.